ಜಪಾನೀಸ್ ರಾಜಕೀಯ, ಕಾನೂನು, ಸರ್ಕಾರಿ ಆಫೀಸಿನ ಪದಗಳು: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಬೆಂಗಳೂರಲ್ಲಿ ಜಪಾನೀಸ್ ಟ್ರಾನ್ಸ್‌ಲೇಟರ್ ಆಗಿ ಕೆಲಸ ಮಾಡ್ತಿದೀನಿ. ಜೆಎಲ್‌ಪಿಟಿ (ಜಪಾನೀಸ್ ಭಾಷಾ ಪರೀಕ್ಷೆ) ಎನ್2 ಪಾಸಾಗಿದೆ. ಮೇಲ್, ಮೀಟಿಂಗ್ ಎಲ್ಲಾ ಆರಾಮಾಗಿ ನಡೆಯತ್ತೆ, ಆದ್ರೆ ಎನ್‌ಎಚ್‌ಕೆ ನ್ಯೂಸಲ್ಲಿ ರಾಜಕೀಯ ಬಂದ್ರೆ, ಇಲ್ಲಾ ಯಾರಾದ್ರೂ ಅಗ್ರಿಮೆಂಟ್ ಕೈಗೆ ಕೊಟ್ರೆ ಕೈಕಾಲೇ ಆಡಲ್ಲ. ಪದಪಟ್ಟಿ ಬಾಯಿಪಾಠ ಮಾಡಿದ್ರೂ ವಾರದಲ್ಲಿ ಮರ್ತೋಗತ್ತೆ. ದಾರಿ ಹೇಳಿ.
ಒಬ್ಬ ಓದುಗರು, ಬೆಂಗಳೂರು

ಉತ್ತರ: ಪದಪಟ್ಟಿ ಪಕ್ಕಕ್ಕಿಡಿ. ಈ ಪದಗಳೆಲ್ಲ ಹೆಚ್ಚುಕಮ್ಮಿ ಎರಡೆರಡು ಕಾಂಜಿ (ಜಪಾನೀಸಲ್ಲಿ ಬಳಸೋ ಚೀನೀ ಅಕ್ಷರ) ಸೇರಿ ಆಗಿರೋವು, ಅವೇ ಅಕ್ಷರ ತಿರುಗಾಮುರುಗಾ ಬರ್ತಾ ಇರತ್ತೆ, ಹಾಗಾಗಿ ಮೊದ್ಲು ಅಕ್ಷರ ಹಿಡೀರಿ. "ಹೋ" ಅಂದ್ರೆ ಕಾನೂನು. ಮಸೂದೆ ಹೋಆನ್, ಕೋರ್ಟ್ ಹಾಲ್ ಹೋತೇ, ಕ್ರಿಮಿನಲ್ ಕಾನೂನು ಕೇಹೋ, ಸಿವಿಲ್ ಕಾನೂನು ಮಿಂಪೋ, ಸಂವಿಧಾನ ಕೆಂಪೋ. ಕೊನೇ ಎರಡರಲ್ಲಿ ಹೋ ಯಾಕೆ ಪೋ ಆಯ್ತು ಅಂತ ತಲೆ ಕೆಡಿಸ್ಕೋಬೇಡಿ, ಹಳಗನ್ನಡದ ಪಾಲು ನಮ್ಮ ಬಾಯಲ್ಲಿ ಹಾಲಾಯ್ತಲ್ಲ, ಜಪಾನೀಸಲ್ಲೂ ಹಳೇ ಪಕಾರಾನೇ ಹಕಾರ ಆಗಿರೋದು, ನಕಾರ ಆದ್ಮೇಲೆ ಬಂದಾಗ ಅದು ಎಷ್ಟೋ ಸಲ ಈಗ್ಲೂ ಪಕಾರವಾಗೇ ಉಳ್ಕೊಂಡಿರತ್ತೆ.

ಇನ್ನೊಂದು "ಕೆನ್", ಹಕ್ಕು ಅಥವಾ ಅಧಿಕಾರ ಅಂತ. ಮಾನವ ಹಕ್ಕು ಜಿಂಕೆನ್, ಮತದಾನದ ಹಕ್ಕು ಸೆಂಕ್ಯೋಕೆನ್, ಸಾರ್ವಭೌಮತ್ವ ಶುಕೆನ್, ಅಧಿಕಾರದಲ್ಲಿರೋ ಸರ್ಕಾರ ಸೇಕೆನ್. ಆದ್ರೆ ಕೆಂಪೋದಲ್ಲಿರೋ ಕೆನ್ ಬೇರೆ ಅಕ್ಷರ, ಪ್ರಾಂತ್ಯ ಅನ್ನೋ ಕೆನ್ ಮತ್ತೂ ಬೇರೆ. ಕಿವಿಗೆ ಮೂರೂ ಒಂದೇ. ಅದಕ್ಕೇ ರೋಮನ್ ಲಿಪಿಲಿ ಬರ್ಕೊಂಡು ಕಲಿಯೋದು ಈ ವಿಷಯಕ್ಕೆ ಆಗಿಬರಲ್ಲ, ಕಾಂಜಿ ಕಣ್ಣಿಗೆ ಬೀಳ್ಲೇಬೇಕು.

ಮೇಜಿ ಕಾಲದಲ್ಲಿ, 1870ರ ದಶಕದಲ್ಲಿ, ಮಿತ್ಸುಕುರಿ ರಿನ್‌ಶೋ ಅನ್ನೋ ವಿದ್ವಾಂಸರು ಫ್ರಾನ್ಸಿನ ಕಾನೂನು ಸಂಹಿತೆಗಳನ್ನ ಜಪಾನೀಸಿಗೆ ತಂದ್ರು, ಇಂಥವರೆಲ್ಲ ಚೀನೀ ಅಕ್ಷರ ಇಟ್ಕೊಂಡು ಆಧುನಿಕ ಕಾನೂನಿನ ಭಾಷೆನೇ ಕಟ್ಟಿದ್ರು. ನಾವು ಸಂಸ್ಕೃತದಿಂದ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಮಾಡ್ಕೊಂಡಿದೀವಲ್ಲ, ಅಲ್ಲಿ ರಿಪ್ಪೋ, ಗ್ಯೋಸೇ, ಶಿಹೋ. ಮೂರನ್ನೂ ಬೇರೆಬೇರೆ ಇಡೋ ತತ್ವ ಸಾಂಕೆನ್ ಬುನ್ರಿತ್ಸು. ಸಿವಿಕ್ಸ್ ಓದಿರೋ ಕನ್ನಡದವರಿಗೆ ವಿಷಯ ಮೊದ್ಲೇ ಗೊತ್ತು, ಹೆಸರು ಕೂರಿಸ್ಕೊಂಡ್ರೆ ಆಯ್ತು.

ಅಕ್ಷರ ಸ್ವಲ್ಪ ಕೈಗೆ ಹತ್ತಿದ ಮೇಲೆ ಒಂದೇ ಒಂದು ಘಟನೆ ಹಿಡ್ಕೊಂಡು ಶುರುವಿಂದ ಕೊನೇತನಕ ಓದಿ. ನನ್ನ ಸಲಹೆ 2024ರ ಅಕ್ಟೋಬರ್ ಚುನಾವಣೆ, ಯಾಕಂದ್ರೆ ಅದ್ರಲ್ಲಿ ಬರ್ದೇ ಇರೋ ಪದ ಕಮ್ಮಿ. ಅಕ್ಟೋಬರ್ 9ಕ್ಕೆ ಕೆಳಮನೆ, ಅಂದ್ರೆ ಶೂಗಿ-ಇನ್, ವಿಸರ್ಜನೆ ಆಯ್ತು. ವಿಸರ್ಜನೆ ಅನ್ನೋದು ಕಾಯ್‌ಸಾನ್. ಆ ವಿಡಿಯೋ ಖಂಡಿತ ನೋಡಿ: ನೇರಳೆ ಬಣ್ಣದ ರೇಷ್ಮೆ ಬಟ್ಟೆಲಿ ಸುತ್ತಿದ ಆದೇಶ ಬರತ್ತೆ, ಗಿಚೋ, ಅಂದ್ರೆ ಸ್ಪೀಕರ್, ಎದ್ದು ನಿಂತು "ನಿಹೊಂಕೊಕು ಕೆಂಪೋ ದಾಯ್ ನಾನಾಜೋ ನಿ ಯೊರಿ, ಶೂಗಿ-ಇನ್ ಓ ಕಾಯ್‌ಸಾನ್ ಸುರು" ಅಂತ ಓದ್ತಾರೆ, ಸಂವಿಧಾನದ 7ನೇ ವಿಧಿ ಪ್ರಕಾರ ಕೆಳಮನೆ ವಿಸರ್ಜಿಸಲಾಗಿದೆ ಅಂತ, ಓದಿದ್ದೇ ತಡ ಎಷ್ಟೋ ಸದಸ್ಯರು ಕೈಯೆತ್ತಿ ಬಾನ್‌ಝಾಯ್ ಅಂತ ಕೂಗ್ತಾರೆ. ಒಂದೇ ವಾಕ್ಯದಲ್ಲಿ ನಿಮಗೆ ಬೇಕಾದ ನಾಲ್ಕು ಪದ ಬಂದ್ಬಿಡ್ತು, ಇನ್ನು ಅವು ಮರೆಯೋ ಮಾತೇ ಇಲ್ಲ.

ಮುಂದೆ 15ನೇ ತಾರೀಖು ಕೋಜಿ, ಅಧಿಕೃತ ಪ್ರಕಟಣೆ (ಸ್ಥಳೀಯ ಚುನಾವಣೆ, ಉಪಚುನಾವಣೆ ಆದ್ರೆ ಇದನ್ನೇ ಕೊಕುಜಿ ಅಂತಾರೆ, ಎರಡನ್ನೂ ಬೆರೆಸ್ಬೇಡಿ). 27ಕ್ಕೆ ತೋಹ್ಯೋ, ಮತದಾನ. ರಾತ್ರಿ ಕಾಯ್‌ಹ್ಯೋ, ಎಣಿಕೆ. ಗೆದ್ರೆ ತೋಸೆನ್, ಸೋತ್ರೆ ರಾಕುಸೆನ್. ಕೆಳಮನೆಯ 465 ಸೀಟಲ್ಲಿ ಬಹುಮತಕ್ಕೆ 233 ಬೇಕು, ಆಡಳಿತ ಮೈತ್ರಿಗೆ ಬಂದಿದ್ದು 215, ಆಗ ಎಲ್ಲಾ ಪೇಪರಲ್ಲೂ ಕಾಹಾನ್‌ಸೂ-ವಾರೆ ಅನ್ನೋ ಪದ, ಬಹುಮತ ತಪ್ಪೋದು ಅಂತ. ಆಡಳಿತ ಪಕ್ಷ ಯೋತೋ, ವಿರೋಧ ಪಕ್ಷ ಯಾತೋ, ಯೋತೋಗೆ ಬಹುಮತ ಇಲ್ದಿದ್ರೆ ಶೋಸೂ ಯೋತೋ. ನವೆಂಬರ್ 11ಕ್ಕೆ ಪ್ರಧಾನಿ ಆಯ್ಕೆಲಿ ಮೊದಲ ಸುತ್ತಲ್ಲಿ ಯಾರಿಗೂ ಬಹುಮತ ಬರ್ಲಿಲ್ಲ ಅಂತ ಕೆಸ್ಸೆನ್ ತೋಹ್ಯೋ, ಇಬ್ಬರ ಮಧ್ಯೆ ಮರುಮತದಾನ, ನಡೀತು. ಹೀಗೆ ಕಥೆ ಜೊತೆ ಬಂದ ಪದ ತಲೇಲಿ ಕೂರತ್ತೆ.

ಇನ್ನು ಅಗ್ರಿಮೆಂಟು, ಕಾನೂನು. ಇಲ್ಲಿ ನೀವು ಹುಷಾರಾಗಿರ್ಬೇಕು, ಯಾಕಂದ್ರೆ ಗೊತ್ತಿರೋ ಪದಾನೇ ದಾರಿ ತಪ್ಪಿಸತ್ತೆ. ಝೆನ್-ಇ ಅಂದ್ರೆ ಮಾಮೂಲಿ ಜಪಾನೀಸಲ್ಲಿ ಒಳ್ಳೇ ಮನಸ್ಸು, ಅಕು-ಇ ಅಂದ್ರೆ ಕೆಟ್ಟ ಉದ್ದೇಶ. ಮಿಂಪೋದಲ್ಲಿ ಹಾಗಲ್ಲ: ಝೆನ್-ಇ ಅಂದ್ರೆ ಒಂದು ಸಂಗತಿ ಗೊತ್ತಿಲ್ದೇ ಇರೋದು, ಅಕು-ಇ ಅಂದ್ರೆ ಸಾಮಾನ್ಯವಾಗಿ ಗೊತ್ತಿರೋದು, ಅಷ್ಟೇ. "ಝೆನ್-ಇ ನೋ ದಾಯ್‌ಸಾನ್‌ಶಾ" ಅಂತ ಬಂದ್ರೆ ಆ ವಿಷಯ ತಿಳೀದೇ ಇದ್ದ ಮೂರನೇ ವ್ಯಕ್ತಿ, ಸಜ್ಜನ ಅಂತ ಬರೆದ್ರೆ ಇಡೀ ಕಲಮೇ ಉಲ್ಟಾ ಹೊಡೆಯತ್ತೆ. ಓದೋ ರೀತಿನೂ ಬೇರೆ ಆಗತ್ತೆ, ಉಯಿಲನ್ನ ಜನ ಯುಯಿಗೊನ್ ಅಂದ್ರೆ ವಕೀಲರು ಇಗೊನ್ ಅಂತಾರೆ, ಹರಾಜು ಹೊರಗೆ ಕ್ಯೋಬಾಯ್, ಕೋರ್ಟಲ್ಲಿ ಕೇಬಾಯ್.

"ಅಥವಾ"ಗೂ ಎರಡು ಪದ ಇದೆ, ಮಾತಾವಾ ಮತ್ತು ಮೊಶಿಕುವಾ. ವಾಕ್ಯದಲ್ಲಿ ಎರಡೂ ಬಂದ್ರೆ ದೊಡ್ಡ ಭಾಗ ಒಡೆಯೋದು ಮಾತಾವಾ, ಅದ್ರೊಳಗಿನ ಚಿಕ್ಕ ಭಾಗ ಒಡೆಯೋದು ಮೊಶಿಕುವಾ. "ಮತ್ತು"ಗೂ ಹಂಗೇ, ದೊಡ್ಡದಕ್ಕೆ ನಾರಾಬಿನಿ, ಚಿಕ್ಕದಕ್ಕೆ ಓಯೊಬಿ. ಇದು ತಿಳಿದ್ರೆ ಅರ್ಧ ಪುಟದ ವಾಕ್ಯನೂ ತಾನಾಗೇ ಬಿಡಿಸ್ಕೊಳ್ಳತ್ತೆ, ಟ್ರಾನ್ಸ್‌ಲೇಟರ್ ಆದವರು ಮೊದಲ ದಿನವೇ ಕಲೀಬೇಕಾದ್ದು ಇದು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಕರಾರಲ್ಲಿ ಪಾರ್ಟಿಗಳನ್ನ ಕೋ, ಓತ್ಸು ಅಂತ ಕರೆಯೋದು ನೋಡಿರ್ತೀರ, ಮೂರನೇ ಪಾರ್ಟಿ ಬಂದ್ರೆ ಹೇ. ಕ್ರಿಮಿನಲ್ ಸುದ್ದಿಲಿ ಆರೋಪಿನ ಪೇಪರಿನವ್ರು ಹಿಕೊಕು ಅಂತ ಬರೀತಾರೆ, ಕಾನೂನಿನ ಪದ ಹಿಕೊಕುನಿನ್, ಬರೀ ಹಿಕೊಕು ಅಂದ್ರೆ ಕಾನೂನಲ್ಲಿ ಸಿವಿಲ್ ಕೇಸಿನ ಪ್ರತಿವಾದಿ.

ಓದೋಕೆ ಜಪಾನಿನ ಸಂವಿಧಾನದಿಂದ್ಲೇ ಶುರು ಮಾಡಿ, 103 ವಿಧಿ ಅಷ್ಟೇ. 1946ರ ನವೆಂಬರ್ 3ಕ್ಕೆ ಪ್ರಕಟವಾಗಿದ್ದು, ಅದಕ್ಕೇ ಹಳೇ ಕಾನಾ (ಉಚ್ಚಾರಣೆ ಬರೆಯೋ ಜಪಾನೀಸ್ ಅಕ್ಷರ) ಬರವಣಿಗೆ ಇದೆ, "ಒಕೊನಾಫು" ಥರ ಬರೆದಿದ್ರೆ "ಒಕೊನಾವು" ಅಂತ ಓದ್ಕೋಬೇಕು. ಮಿಕ್ಕ ಕಾನೂನುಗಳು ಸರ್ಕಾರದ ಇ-ಗವ್ ತಾಣದಲ್ಲಿ ಪುಕ್ಕಟೆ ಸಿಗತ್ತೆ, ನ್ಯಾಯ ಇಲಾಖೆ, ಅಂದ್ರೆ ಹೋಮುಶೋ, ಹಲವು ಕಾನೂನಿನ ಇಂಗ್ಲಿಷ್ ಅನುವಾದನೂ ಇನ್ನೊಂದು ತಾಣದಲ್ಲಿ ಹಾಕಿದೆ.

ಪ್ರಶ್ನೆ: ನನ್ನ ಮಗಳು ಓದೋಕೆ ಜಪಾನಿಗೆ ಹೊರಟಿದಾಳೆ. ಭಾಷೆ ಇನ್ನೂ ಎನ್4, ಅಂದ್ರೆ ಶುರುವಿನ ಮಟ್ಟ. ಸರ್ಕಾರಿ ಆಫೀಸಲ್ಲಿ ಒಬ್ಬಳೇ ಹೆಂಗೆ ನಿಭಾಯಿಸ್ತಾಳೋ ಅಂತ ಚಿಂತೆ.
ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಅಮ್ಮಾ, ಮೇಲೆ ಬರೆದಿದ್ದು ಯಾವುದೂ ಅವಳಿಗೆ ಈಗ ಬೇಡ. ನಗರದ ಆಫೀಸು ಶಿಯಾಕುಶೋ, ವಾರ್ಡ್ ಇರೋ ಊರಲ್ಲಿ ಕುಯಾಕುಶೋ. ಏರ್‌ಪೋರ್ಟಲ್ಲಿ ಸಿಗೋ ಝಾಯ್‌ರ್ಯೂ ಕಾರ್ಡ್ (ಅಲ್ಲಿ ಇರೋಕೆ ಕೊಡೋ ಗುರುತಿನ ಚೀಟಿ) ತಗೊಂಡು ಹೋಗಿ, ಮನೆ ಸೇರಿದ 14 ದಿನದೊಳಗೆ ವಿಳಾಸ ನೋಂದಾಯಿಸ್ಬೇಕು, ಅದು ತೆನ್ನ್ಯೂ ತೊದೊಕೆ. ಕೌಂಟರ್ ಮಾದೊಗುಚಿ. ಫಾರ್ಮಲ್ಲಿ ಶಿಮೇ ಅಂದ್ರೆ ಹೆಸರು, ಜೂಶೋ ವಿಳಾಸ, ಸೇನೆಂಗಾಪ್ಪಿ ಹುಟ್ಟಿದ ದಿನ, ಕೊಕುಸೆಕಿ ರಾಷ್ಟ್ರೀಯತೆ. ಅಲ್ಲೇ ಕೊಕುಮಿನ್ ಕೆಂಕೋ ಹೊಕೆನ್, ಆರೋಗ್ಯ ವಿಮೆ, ಮಾಡಿಸ್ಕೋಬೇಕು. ಕಾಗದಪತ್ರದಲ್ಲಿ ವರ್ಷ ರೇವಾ, ಅಂದ್ರೆ ಈಗಿನ ಚಕ್ರವರ್ತಿ ಕಾಲದ ಲೆಕ್ಕದಲ್ಲಿ ಇರ್ಬಹುದು, ರೇವಾ ವರ್ಷಕ್ಕೆ 2018 ಸೇರಿಸಿದ್ರೆ ನಮ್ಮ ಇಸವಿ. ಪಾರ್ಟ್‌ಟೈಮ್ ಕೆಲಸ ಮಾಡೋ ಯೋಚನೆ ಇದ್ರೆ ಮುಂಚೆನೇ ಶಿಕಾಕುಗಾಯ್ ಕಾತ್ಸುದೋ ಕ್ಯೋಕಾ ಅನ್ನೋ ಪರ್ಮಿಶನ್ ತಗೋಬೇಕು, ಕಾಲೇಜು ನಡೆಯೋವಾಗ ವಾರಕ್ಕೆ 28 ಗಂಟೆ ಮೀರೋ ಹಾಗಿಲ್ಲ. ಇಷ್ಟು ಪದ ಕಾಂಜಿ ಸಮೇತ ಒಂದು ಹಾಳೆಲಿ ಬರೆದು ಪಾಸ್‌ಪೋರ್ಟ್ ಜೊತೆ ಇಟ್ಟು ಕಳಿಸಿ, ಧೈರ್ಯವಾಗಿರಿ.

ಪ್ರಶ್ನೆ: ನಮಸ್ಕಾರ್ರಿ. ಜಪಾನಿ ಪೇಪರ್ ಹೆಡ್ಡಿಂಗಿನ್ಯಾಗ ದೇಶದ ಹೆಸರು ಒಂದ ಅಕ್ಷರದಾಗ ಮುಗಿಸಿಬಿಡ್ತಾರ. ಗುರ್ತು ಹಿಡಿಯೋದು ಹೆಂಗ್ರಿ?
ಓದುಗರು, ಹುಬ್ಬಳ್ಳಿ

ಉತ್ತರ: ಹತ್ತು ಹನ್ನೆರಡು ಅಕ್ಷರ ನೆನಪಿಟ್ಕೊಂಡ್ರೆ ಸಾಕ್ರಿ. ಜಪಾನ್ ನಿಚಿ, ಅಮೆರಿಕ ಬೇ, ಚೀನಾ ಚೂ, ಬ್ರಿಟನ್ ಏ, ಫ್ರಾನ್ಸ್ ಫುತ್ಸು, ಜರ್ಮನಿ ದೋಕು, ರಷ್ಯಾ ರೋ, ಆಸ್ಟ್ರೇಲಿಯಾ ಗೋ, ನಮ್ಮ ಭಾರತ ಇನ್. ಭಾರತದ ಇನ್ ಮುದ್ರೆ ಅನ್ನೋ ಅರ್ಥದ ಅಕ್ಷರ, ಜಪಾನಿನವರು ಒತ್ತೋ ಇಂಕಾನ್ ಅನ್ನೋ ಸೀಲಲ್ಲೂ ಅದೇ ಬರತ್ತೆ, ಹಾಗಾಗಿ ಹೆಡ್ಡಿಂಗಲ್ಲಿ ಅದು ಬೇರೆ ದೇಶದ ಅಕ್ಷರದ ಪಕ್ಕ ಇದ್ರೆ ಭಾರತ ಅಂತ ಓದ್ಕೊಳ್ಳಿ. ನಿಚಿ-ಇನ್ ಅಂದ್ರೆ ಜಪಾನ್-ಭಾರತ, ನಿಚಿ-ಬೇ-ಗೋ-ಇನ್ ಅಂತ ನಾಲ್ಕೂ ಸಾಲಾಗಿ ಬಂದ್ರೆ ಆ ನಾಲ್ಕು ದೇಶಗಳ ಕೂಟ ಕ್ವಾಡ್.