ಅಣ್ಣನ ಹಳೇ ಫ್ಲಾಪಿಗೆ ಡಿ64 ಸಾಕಾ?

ಪ್ರಶ್ನೆ: ಅಣ್ಣನ ಹಳೇ ಕಂಪ್ಯೂಟರ್ ಕಮೊಡೋರ್ 64ರ ಫ್ಲಾಪಿಗಳು ಅಟ್ಟದಲ್ಲಿ ಸಿಕ್ಕವು. ಅವುಗಳಲ್ಲಿರುವುದನ್ನೆಲ್ಲ ನಕಲಿಸಿ ಡಿ64 ಫೈಲ್ ಮಾಡಿಟ್ಟರೆ ಸಾಕಾ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಅಣ್ಣ ತಾವೇ ಬರೆದ ಪ್ರೋಗ್ರಾಂಗಳಿಗೆ ಸಾಕು. ಸಾದಾ ಡಿ64 ಅಂದರೆ 35 ಟ್ರ್ಯಾಕ್ (ಫ್ಲಾಪಿಯ ಮೇಲಿನ ವರ್ತುಲಗಳು), 683 ಸೆಕ್ಟರ್ (ಆ ವರ್ತುಲಗಳ ತುಂಡುಗಳು), ಒಟ್ಟು 1,74,848 ಬೈಟ್. ಇಂದಿನ ಕಂಪ್ಯೂಟರಿನಲ್ಲೇ ಕಮೊಡೋರ್‌ನಂತೆ ನಡೆಯುವ ವೈಸ್ ಎಮ್ಯುಲೇಟರ್ ಇದನ್ನು ಸಲೀಸಾಗಿ ಓದುತ್ತದೆ. ಆದರೆ ಕೊಂಡು ತಂದ ಆಟಗಳ ಕಥೆ ಬೇರೆ. ಯಾರೂ ನಕಲು ಮಾಡಬಾರದೆಂದು ಎಷ್ಟೋ ಕಂಪನಿಗಳು ಬೇಕಂತಲೇ ತಪ್ಪು ಸೆಕ್ಟರ್‌ಗಳನ್ನು ಇಡುತ್ತಿದ್ದವು, ಡಿ64 ಬರೀ ಡೇಟಾ ಹಿಡಿಯುವುದರಿಂದ ಆ ಗುರುತು ಬಿಟ್ಟುಹೋಗಿ ಆಟ ಶುರುವೇ ಆಗದಿರಬಹುದು. ಅಂಥವಕ್ಕೆ ಟ್ರ್ಯಾಕಿನ ಕಚ್ಚಾ ಬಿಟ್‌ಗಳನ್ನೇ ಇಡುವ ಜಿ64 ಮಾಡಿ. ನನ್ನ ಕೇಳಿದರೆ ಎರಡೂ ಇರಲಿ.

ನಮ್ಮ ಮುಂಬಯಿ ಮಳೆಗಾಲಕ್ಕೆ ಬೂಷ್ಟು ಜಾಸ್ತಿ, ಅಲ್ವಾ? ಬಿಳಿ ಚುಕ್ಕೆ ಕಂಡರೆ ಸುಮ್ನೆ ಡ್ರೈವಿಗೆ ಹಾಕಬೇಡಿ, ಡ್ರೈವಿನ ಓದುವ ಹೆಡ್ ಕೊಳೆಯಾಗಿ ಮುಂದಿನ ಫ್ಲಾಪಿಯೂ ಹಾಳಾದೀತು. ಓದಿಸುವ ಮೊದಲು ಅಂಚಿನ ಕಚ್ಚಿಗೆ ಟೇಪ್ ಅಂಟಿಸಿ, ಆಗ ಡ್ರೈವ್ ಅದರ ಮೇಲೆ ಬರೆಯಲಾರದು.