ಓದುಗರ ಪ್ರಶ್ನೆ, ನಮ್ಮ ಉತ್ತರ: ಸ್ಲಾಟ್ ಕಾರ್ ಟ್ರ್ಯಾಕ್‌ಗೆ ಕಾಲು ಕೊಡೋದು ಹೆಂಗೆ?

ಪ್ರಶ್ನೆ: ನಮ್ಮಣ್ಣ ಇಂಗ್ಲೆಂಡಿಂದ ಬರ್ತಾ ಮಕ್ಕಳಿಗೆ ಸ್ಕೇಲೆಕ್ಸ್‌ಟ್ರಿಕ್ ಸೆಟ್ (ಟ್ರ್ಯಾಕಿನ ಸೀಳು ಹಿಡಿದು ಕರೆಂಟಲ್ಲಿ ಓಡೋ ಆಟದ ಕಾರು) ತಂದ್ಕೊಟ್ಟಿದ್ದಾನೆ. ಎಂಟರ ಆಕಾರದಲ್ಲಿ ಜೋಡಿಸಿ ಸೇತುವೆ ಮಾಡಬೇಕು ಅಂತ ಮಗನ ಹಠ. ಪುಸ್ತಕ ಒಂದರ ಮೇಲೊಂದು ಇಟ್ಟು ಟ್ರ್ಯಾಕ್ ಎತ್ತಿದೀವಿ, ಆದ್ರೆ ಕಾರು ಏರಿನ ಮಧ್ಯ ನಿಂತೋಗುತ್ತೆ, ಇಲ್ಲಾಂದ್ರೆ ತುದೀಲಿ ಹಾರಿ ಕೆಳಗೆ ಬೀಳುತ್ತೆ. ಏನ್ ಮಾಡೋದು ಸರ್?
(ಓದುಗರು, ದಾವಣಗೆರೆ)

ಉತ್ತರ: ಮೊದಲು ಆ ಪುಸ್ತಕ ತೆಗೀರಿ. ಭಾರ ಹೊರೋಕೇನೋ ಪುಸ್ತಕ ಸಾಕು, ಕಾರು ಇರೋದೇ ನೂರು ಗ್ರಾಂ ಆಸುಪಾಸು, ತೊಂದರೆ ಅದಲ್ಲ, ಎರಡು ತುಂಡು ಸೇರೋ ಜಾಯಿಂಟಲ್ಲಿ ಟ್ರ್ಯಾಕ್ ದಿಢೀರಂತ ಮಡಿಚಿಕೊಳ್ಳೋದೇ ತೊಂದರೆ. ಹಂಗೆ ಮಡಿಚಿದಾಗ ಒಳಗಿನ ಲೋಹದ ಪಟ್ಟಿಗಳ ಕಾಂಟ್ಯಾಕ್ಟ್ ಸಡಿಲ ಆಗಿ ಕರೆಂಟ್ ಹೋಗುತ್ತೆ, ಕಾರು ನಿಲ್ಲುತ್ತೆ. ಇನ್ನು ಮೇಲಿನ ತುದೀಲಿ, ಕಾರಿನ ಮೂತಿ ಕೆಳಗೆ ಸ್ಲಾಟ್‌ಗೆ ಇಳಿದಿರೋ ಗೈಡ್ ಇದ್ಯಲ್ಲ, ಅದು ಸಾಮಾನ್ಯವಾಗಿ ಮುಂದಿನ ಚಕ್ರಕ್ಕಿಂತ ಮುಂದೆ ಇರುತ್ತೆ, ಚಕ್ರ ತುದಿ ದಾಟೋ ಮುಂಚೆ ಗೈಡ್ ಗಾಳೀಲಿ ತೇಲುತ್ತೆ, ಆಮೇಲೆ ಕಾರು ಎಲ್ಲಿಗೆ ಬೇಕಾದ್ರೂ ಹೋಗಬಹುದು.

ಹಾಗಾಗಿ ಕಾಲು ಬರಬೇಕಾದ್ದು ಜಾಯಿಂಟ್ ಕೆಳಗೆ, ತುಂಡಿನ ನಡುವೆ ಅಲ್ಲ. ಏರೋದು ಕೂಡ ನಿಧಾನಕ್ಕೆ ಶುರುವಾಗಿ ನಿಧಾನಕ್ಕೆ ಮುಗೀಬೇಕು. ನಿಮ್ಮ ನೇರ ತುಂಡು 350 ಮಿ.ಮೀ ಉದ್ದ, ಅಂಥ ಆರು ತುಂಡಲ್ಲಿ 10 ಸೆಂ.ಮೀ ಏರಿಸೋಣ. ಒಂದೊಂದು ತುಂಡಿನ ಕೊನೇಲಿ ಎತ್ತರ ಹೀಗಿರಲಿ: 6, 24, 50, 76, 94, 100 ಮಿ.ಮೀ. ನಡುವಲ್ಲಿ ಮಾತ್ರ ಕಡಿದಾದ ಏರು, ಎರಡೂ ತುದೀಲಿ ನಯ. ಇಳಿಯೋ ಕಡೆ ಇದೇ ಲೆಕ್ಕ ಉಲ್ಟಾ. ರೂಮಲ್ಲಿ ಅಷ್ಟು ಉದ್ದ ಸಿಗಲ್ಲ ಅಂದ್ರೆ ತಿರುವಲ್ಲೂ ಏರಿಸಬಹುದು, ಏರು ನೇರದಲ್ಲೇ ಇರಬೇಕು ಅಂತೇನಿಲ್ಲ.

ಕಾಲಿಗೆ ನನ್ನ ಓಟು 6 ಮಿ.ಮೀ ಥ್ರೆಡೆಡ್ ರಾಡಿಗೆ (ಉದ್ದಕ್ಕೂ ಸ್ಕ್ರೂ ಥರ ಥ್ರೆಡ್ ಇರೋ ಕಂಬಿ), ಹಾರ್ಡ್‌ವೇರ್ ಅಂಗಡೀಲಿ ಮೀಟರ್ ಉದ್ದದ್ದು ಸಿಗುತ್ತೆ. ಇದರ ಥ್ರೆಡ್ 1 ಮಿ.ಮೀ ಪಿಚ್, ಅಂದ್ರೆ ನಟ್ ಒಂದು ಸುತ್ತು ತಿರುಗಿಸಿದ್ರೆ ಟ್ರ್ಯಾಕ್ ಸರಿಯಾಗಿ 1 ಮಿ.ಮೀ ಏರುತ್ತೆ ಅಥವಾ ಇಳಿಯುತ್ತೆ, ಮರದ ತುಂಡು ಅಂಟಿಸಿಬಿಟ್ರೆ ಈ ಸುಖ ಎಲ್ಲಿ! ಹ್ಯಾಕ್ಸಾದಲ್ಲಿ ಕೊಯ್ಯೋ ಮುಂಚೆ ಒಂದು ನಟ್ ಹಾಕಿ ಕೊಯ್ಯೋ ಜಾಗ ದಾಟಿಸಿಟ್ಕೊಳ್ಳಿ, ಕೊಯ್ದ ಮೇಲೆ ಅದನ್ನ ತಿರುಗಿಸ್ತಾ ಹೊರಗೆ ತೆಗೆದ್ರೆ ಕೆಟ್ಟ ಥ್ರೆಡ್ ತಾನಾಗೇ ಸರಿಹೋಗುತ್ತೆ. ಕೆಳಗೆ 12 ಮಿ.ಮೀ ಪ್ಲೈವುಡ್ ಹಲಗೆಗೆ 7 ಮಿ.ಮೀ ತೂತು, ಮೇಲೊಂದು ಕೆಳಗೊಂದು ನಟ್ಟು ವಾಷರ್. ಒಂದು ಕಾಲಿಗೆ ಎರಡು ರಾಡ್, ಅವುಗಳ ಮೇಲೆ 22 ಸೆಂ.ಮೀ ಉದ್ದದ ಅಡ್ಡಪಟ್ಟಿ. ಟ್ರ್ಯಾಕ್ ಅಗಲ 156 ಮಿ.ಮೀ ಆದ್ದರಿಂದ ರಾಡು ಎರಡೂ ಕಡೆ ಹೊರಗೆ ಉಳಿಯುತ್ತೆ, ಸ್ವಲ್ಪ ಮೇಲಕ್ಕೆ ಬಿಟ್ರೆ ಅದಕ್ಕೇ ತಡೆ ಕಟ್ಟಬಹುದು, ಟೈಲ್ಸ್ ಮೇಲೆ ಬಿದ್ದ ಕಾರಿನ ಕನ್ನಡಿ ಮೊದಲು ಮುರಿಯೋದು.

ಅಡ್ಡಪಟ್ಟಿಗಳ ಮೇಲೆ ಉದ್ದಕ್ಕೆ 6 ಮಿ.ಮೀ ಪ್ಲೈವುಡ್ ಪಟ್ಟಿ ಹಾಸಿ ಅದರ ಮೇಲೆ ಟ್ರ್ಯಾಕ್ ಇಡಿ, ಪ್ಲೈವುಡ್ ತಾನೇ ಬಾಗುತ್ತೆ, ಮೂಲೆ ಬರಲ್ಲ. ಪಟ್ಟಿ ಮೊದಲ ಜಾಯಿಂಟಿಂದ ಶುರುವಾದ್ರೆ ಆ 6 ಮಿ.ಮೀ ಅದೇ ಕೊಡುತ್ತೆ, ಎರಡನೇದಕ್ಕೆ ಅದೇ ಪ್ಲೈವುಡ್ಡಿನ ಇನ್ನು ಮೂರು ತುಂಡು ಕೆಳಗೆ ಸೇರಿಸಿ, ರಾಡ್ ಬೇಕಾಗೋದು ಮೂರನೇದರಿಂದ. ಕೆಳಗಿನ ಟ್ರ್ಯಾಕ್ ದಾಟೋ ಕಡೆ ಕಾಲು ಅಂಚಿಂದ ನಾಲ್ಕು ಬೆರಳಾದ್ರೂ ದೂರ ಇರಲಿ, ತಿರುವಲ್ಲಿ ಕಾರಿನ ಹಿಂಭಾಗ ಹೊರಗೆ ಬೀಸುತ್ತೆ. ಇಷ್ಟಾದ್ರೂ ದೂರದ ತುದೀಲಿ ಕಾರು ಸೋತಂಗೆ ಓಡಿದ್ರೆ ಕಾಲನ್ನ ಬೈಬೇಡಿ, ಪವರ್ ಬೇಸಿಂದ (ಟ್ರ್ಯಾಕಿಗೆ ಕರೆಂಟ್ ಕೊಡೋ ತುಂಡು) ಅಲ್ಲಿಗೆ ಇನ್ನೊಂದು ಜೊತೆ ವೈರ್ ಎಳೀರಿ.

ಪ್ರಶ್ನೆ: ಪ್ಲೈವುಡ್ ಬದಲು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹಾಕಬಹುದಾ, ರೇಟ್ ಕಮ್ಮಿ ಅಲ್ವಾ?
(ಓದುಗರು, ಶಿರಸಿ)

ಉತ್ತರ: ಶಿರಸಿ ಮಳೆಗಾಲದಲ್ಲಾ? ಬೇಡ. ಮಾಮೂಲಿ ಎಂಡಿಎಫ್ ತೇವ ಹೀರಿ ಅಂಚಲ್ಲಿ ಊದಿಕೊಳ್ಳುತ್ತೆ, ಎತ್ತರದ ಲೆಕ್ಕ ಎಲ್ಲಾ ಏರುಪೇರು. ಇದ್ದಿದ್ದನ್ನೇ ಬಳಸ್ತೀನಿ ಅಂದ್ರೆ ಕೊಯ್ದ ಅಂಚಿಗೆಲ್ಲ ಪೇಂಟ್ ಹೊಡೀರಿ.

ಪ್ರಶ್ನೆ: ನಮ್ಮದು ಬಾಡಿಗೆ ಮನೆ, ಆಟ ಆದ್ಮೇಲೆ ಎಲ್ಲಾ ಎತ್ತಿಡಬೇಕು, ಹಲಗೆಗೆ ತೂತು ಕೊರೆಯೋದೆಲ್ಲ ಆಗಲ್ಲ.
(ಓದುಗರು, ಮೈಸೂರು)

ಉತ್ತರ: ಹಂಗಿದ್ರೆ ಎಲೆಕ್ಟ್ರಿಕಲ್ ಅಂಗಡಿಯ 25 ಮಿ.ಮೀ ಪಿವಿಸಿ ಪೈಪ್ ತಗೊಂಡು ಮೇಲಿನ ಎತ್ತರಗಳಿಗೆ ಕೊಯ್ಯಿರಿ, ಅಡ್ಡಪಟ್ಟಿ, ಬುಡದ ಹಲಗೆ, ಉದ್ದದ ಪಟ್ಟಿ ಮೂರರ ದಪ್ಪ ಕಳೆಯೋದು ಮಾತ್ರ ಮರೀಬೇಡಿ. ಪ್ರತಿ ಜೋಡಿ ಪೈಪಿಗೂ ಕೆಳಗೊಂದು ಅಗಲದ ತುಂಡು ಹಲಗೆ ಅಂಟಿಸಿದ್ರೆ ವಾಲಲ್ಲ. ಒಂದೊಂದಕ್ಕೂ ಮಾರ್ಕರ್‌ನಲ್ಲಿ ನಂಬರ್ ಬರೆದಿಡಿ, ಜಾಯಿಂಟ್ ಪಕ್ಕ ಟ್ರ್ಯಾಕ್ ಅಡೀಲೂ ಅದೇ ನಂಬರ್ ಬರೀರಿ, ಮುಂದಿನ ಸಲ ಮಕ್ಕಳೇ ಜೋಡಿಸ್ತಾರೆ.