ನಾನು ಜಾಝ್ ಪಿಯಾನೊ ನುಡಿಸುವವ, ಐದು ವರ್ಷದ ಮಗಳಿಗೆ ಒಳ್ಳೆ ಕಿವಿ ಉಂಟು. ಅವಳು ಮಲಗಿದ ಮೇಲೆ ನಾನು ಹೆಡ್‌ಫೋನ್ ಹಾಕಿ ಪ್ರಾಕ್ಟೀಸ್ ಮಾಡ್ತೇನೆ. ಪ್ರತಿಭೆ ವೇಸ್ಟ್ ಆಗದ ಹಾಗೆ ಈಗ್ಲೇ ಎಂತ ಕಲಿಸ್ಬೇಕು, ಪಿಯಾನೊದ ಗ್ರೇಡ್ ಪರೀಕ್ಷೆಗೆ ಕೂರಿಸ್ಬೇಕಾ?

ಎಂತದೂ ಕಲಿಸ್ಬೇಡಿ. ನಮ್ಮದು ಕಾಸರಗೋಡಿನ ಕುಂಬಳೆ ಹತ್ರ, ನಾನು ಸುಮಾರು ವರ್ಷ ಗೋವಾದ ಹೋಟೆಲ್‌ಗಳಲ್ಲಿ, ಆಮೇಲೆ ಹಡಗಿನಲ್ಲಿ ಪಿಯಾನೊ ನುಡಿಸಿ ಊರಿಗೆ ಬಂದವ, ನಿಮ್ಮ ಪ್ರಶ್ನೆ ಓದುವಾಗ ನನ್ನ ಮಗಳೇ ಕಣ್ಣೆದುರು ಬಂದ್ಳು.

ಅವಳು ಸಣ್ಣದಿರುವಾಗ ಕೀಬೋರ್ಡಿನ ಕಪ್ಪು ಕೀಗಳನ್ನು ಮಾತ್ರ ಒತ್ತಿ ಆಡ್ತಿದ್ಳು. ಎಫ್ ಶಾರ್ಪ್, ಅಂದ್ರೆ ನಮ್ಮ ಯಕ್ಷಗಾನದ ಭಾಗವತರು ಹೇಳುವ ಕಪ್ಪು ಮೂರು, ಅದನ್ನು ಷಡ್ಜ, ಅಂದ್ರೆ ಸ, ಅಂತ ಹಿಡಿದ್ರೆ ಆ ಐದು ಕಪ್ಪಲ್ಲೇ ಮೋಹನ ರಾಗ ಪೂರ್ತಿ ಸಿಗ್ತದೆ. ಹಾಗೆ ಆಡ್ತಾ ಆಡ್ತಾ ಒಂದು ದಿನ ಮೋಹನದ ಗಾಂಧಾರಕ್ಕೆ, ಅಂದ್ರೆ ಗ ಸ್ವರಕ್ಕೆ, ಹೋಗುವ ಮೊದಲು ಅದರ ಕೆಳಗೆ ಪಕ್ಕದಲ್ಲಿರುವ ಬಿಳಿ ಕೀಯನ್ನು, ಅಂದ್ರೆ ಸಾಧಾರಣ ಗಾಂಧಾರ ಅನ್ನುವ ತಗ್ಗಿದ ಗ ಸ್ವರವನ್ನು, ಒಮ್ಮೆ ಮುಟ್ಟಿ ಮೇಲೆ ಹತ್ತಿದ್ಳು. ಯಾರೂ ಹೇಳಿಕೊಟ್ಟದ್ದಲ್ಲ. ಬ್ಲೂಸ್, ಅಂದ್ರೆ ಜಾಝಿಗೆ ಬೇರಿನಂತಿರುವ ಅಮೆರಿಕದ ಸಂಗೀತ, ಅದನ್ನು ನುಡಿಸುವವರು ಬ್ಲೂ ನೋಟ್ ಅನ್ನುದು ಅದನ್ನೇ, ನನ್ನ ಕೈಗೆ ಅದು ಬರ್ಲಿಕ್ಕೆ ವರ್ಷಗಟ್ಟಲೆ ಹಿಡಿದಿತ್ತು.

ನಾನು ಎಂತ ಮಾಡಿದೆ ಗೊತ್ತುಂಟಾ, ಒಳಗಿಂದಲೇ ಕೂಗಿ ಹೇಳಿದೆ, "ಮೋಹನಕ್ಕೆ ಆ ಗಾಂಧಾರ ಇಲ್ಲ ಪುಟ್ಟಿ, ಮೇಲಿನದ್ದು ಒತ್ತು". ಕೇರಳದ ಶಾಲಾ ಮಕ್ಕಳ ಕಲಾ ಸ್ಪರ್ಧೆ ಕಲೋತ್ಸವದಲ್ಲಿ ಶಾಸ್ತ್ರೀಯ ಸಂಗೀತಕ್ಕೆ ಇವಳನ್ನು ತಯಾರು ಮಾಡ್ಬೇಕು, ಎ ಗ್ರೇಡ್ ಬಂದ್ರೆ ಮುಂದೆ ಪರೀಕ್ಷೆಗೆ ಗ್ರೇಸ್ ಮಾರ್ಕೂ ಸಿಗ್ತದೆ ಅಂತ ನಾನು ಮನಸ್ಸಲ್ಲೇ ಲೆಕ್ಕ ಹಾಕಿ ಆಗಿತ್ತು. ರಾಗದ ಮಟ್ಟಿಗೆ ನಾನು ಹೇಳಿದ್ದು ಸರಿಯೇ, ಪಾಠಕ್ಕೆ ಕೂತಾಗ ಹೇಳಿದ್ರೆ ಅವಳಿಗೆ ಬೇಜಾರೂ ಆಗ್ತಿರ್ಲಿಲ್ಲ, ಆದ್ರೆ ಅವಳು ಆಗ ಪಾಠಕ್ಕೆ ಕೂತಿರ್ಲಿಲ್ಲ, ಮೋಹನ ಅಂತ ಹೆಸರಿಟ್ಟವ ನಾನು, ಅವಳಿಗೆ ಅದು ಬರೀ ಒಂದು ಸದ್ದು, ಅದರೊಳಗೆ ಏನೋ ಹುಡುಕ್ತಾ ಇದ್ಳು, ಆ ಹುಡುಕಾಟದ ನಡುವೆ ನಾನು ಸರಿ ತಪ್ಪು ತಂದು ಹಾಕಿದೆ, ಒಮ್ಮೆ ಅಲ್ಲ, ದಿನಾ. ಆಮೇಲಾಮೇಲೆ ಒಂದು ಸಾಲು ನುಡಿಸಿದ ಕೂಡ್ಲೇ ಬಾಗಿಲ ಕಡೆ ನೋಡ್ತಿದ್ಳು. ನಾನು ಮನೆಯಲ್ಲಿಲ್ಲದಾಗ ಮಾತ್ರ ನುಡಿಸ್ತಾಳೆ ಅಂತ ನನ್ನ ಹೆಂಡತಿ ಹೇಳಿದ್ಳು, ಆಮೇಲೆ ಅದೂ ನಿಂತಿತು. ಎ ಗ್ರೇಡ್ ಬಂತು. ಈಗ ಮಂಗಳೂರಲ್ಲಿ ಓದ್ತಾಳೆ, ಕೀಬೋರ್ಡ್ ಮುಟ್ಟುದಿಲ್ಲ.

ಅವಳ ತಮ್ಮನಿಗೆ ನಾನು ಏನೂ ಹೇಳಿಕೊಡ್ಲಿಲ್ಲ, ಧೈರ್ಯ ಇರ್ಲಿಲ್ಲ. ಅವ ಚೆಂಡೆ ಹಿಡಿದ, ಈಗ ಅವನಾಗಿಯೇ ಬಂದು ಪಿಯಾನೊದ ಕಾರ್ಡ್ಸ್, ಅಂದ್ರೆ ಒಟ್ಟಿಗೆ ಒತ್ತುವ ಸ್ವರಗಳು, ಕೇಳ್ತಾನೆ.

ಅಮೆರಿಕದ ನ್ಯೂ ಆರ್ಲಿಯನ್ಸಿನ ಎಲ್ಲಿಸ್ ಮಾರ್ಸಾಲಿಸ್ (1934–2020) ನಿಮಗೆ ಗೊತ್ತಿರ್ತದೆ, ಜಾಝ್ ಪಿಯಾನೊ ನುಡಿಸುವವರು, ಒಳ್ಳೆ ಮೇಷ್ಟ್ರು ಕೂಡ. ಆರು ಗಂಡುಮಕ್ಕಳು, ನಾಲ್ಕು ಜನ ಸಂಗೀತಕ್ಕೆ ಬಂದ್ರು: ಬ್ರಾನ್‌ಫರ್ಡ್ ಸ್ಯಾಕ್ಸೊಫೋನ್, ವಿಂಟನ್ ಟ್ರಂಪೆಟ್, ಡೆಲ್ಫಿಯೊ ಟ್ರೊಂಬೋನ್, ಜೇಸನ್ ಡ್ರಮ್ಸ್. ಒಬ್ಬನ ಮುಖ್ಯ ವಾದ್ಯವೂ ಅಪ್ಪನ ಪಿಯಾನೊ ಅಲ್ಲ. ವಿಂಟನ್ ಕೈಗೆ ಆರನೇ ವರ್ಷಕ್ಕೇ ಟ್ರಂಪೆಟ್ ಬಂದಿತ್ತು, ಗಂಭೀರವಾಗಿ ಕಲಿತದ್ದು ಹನ್ನೆರಡರ ಹೊತ್ತಿಗೆ, ಅವನಿಗೇ 1997ರಲ್ಲಿ ಅಮೆರಿಕದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಸಂಗೀತಕ್ಕಾಗಿ ಬಂತು, ಜಾಝ್ ಕೃತಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಉಳಿದ ಇಬ್ಬರು ಸಂಗೀತಗಾರರಾಗ್ಲಿಲ್ಲ, ಅವರ ಬದುಕು ವೇಸ್ಟ್ ಅಂತ ಹೇಳ್ಲಿಕ್ಕಾಗ್ತದಾ? ನಿಮ್ಮ ಪ್ರಶ್ನೆಯಲ್ಲಿ ನನಗೆ ಆಗದ್ದು ಆ ಶಬ್ದವೇ.

ಮಗು ಮಲಗಿದ ಮೇಲೆ ಹೆಡ್‌ಫೋನ್ ಹಾಕಿ ಪ್ರಾಕ್ಟೀಸ್ ಮಾಡ್ತೇನೆ ಅಂತ ಬರೆದಿದ್ದೀರಿ, ಅದನ್ನು ಬಿಡಿ. ಹಗಲು, ಚಾವಡಿಯಲ್ಲಿ, ಸ್ಪೀಕರ್ ಹಾಕಿ ನುಡಿಸಿ, ತಪ್ಪಿದ್ರೆ ತಪ್ಪಿದ್ದೂ ಅವಳಿಗೆ ಕೇಳ್ಲಿ. ಅವಳು ನುಡಿಸುವಾಗ ಮಾತ್ರ ಆ ಕಡೆಯಿಂದ ಏನೂ ಹೇಳ್ಬೇಡಿ, ಭೇಷ್ ಅಂತ ಕೂಡ ಬೇಡ. ಗ್ರೇಡ್ ಪರೀಕ್ಷೆಯ ವಿಷ್ಯ ಅವಳಾಗಿ ಕೇಳಿದ್ರೆ ಆಗ ನೋಡುವ.